ಪಾರ್ಕಿನವರ ಉಡಿಯಕ್ಕಿ

“ಇವತ್ತ ನಮ್ಮವ್ವ ಬರ್ತಾಳ,” ಎಂದ ಪ್ರಭುಲಿಂಗ, ಟಿಕೆಟ್ ಕೌಂಟರಿನ ಕಿಂಡಿಗೆ ಮುಖ ಹಚ್ಚಿ.

ಒಳಗೆ ಟಿಕೆಟ್‌ಗಳಿಗೆ ಸೀಲು ಒತ್ತುತ್ತಿದ್ದ ಶೈಲಾಳ ಕೈ ನಿಂತಿತು.

“ಖರೇನ?”

“ಖರೇನ. ಅಪ್ಪನೂ ಬರ್ತಾನ. ಮಗ್ಗದ ಮುಂದಿಂದ ಎಬ್ಬಿಸಿ, ಚಲೋ ಅಂಗಿ ಹಾಕ್ಕೋ ಅಂತ ಹೇಳಿ ಬಂದೀನಿ.”

“ನನ್ನ ನೋಡಾಕ?”

ಪ್ರಭುಲಿಂಗ ನಕ್ಕ. “ಬಂದಾಕಿ ಕಣ್ಣ ಮುಚ್ಕೊಂಡು ಅಡ್ಡಾಡ್ತಾಳನು? ನೋಡೇ ನೋಡ್ತಾಳ.”

ನಕ್ಕರೆ ಅವನ ಎಡಗೆನ್ನೆಯಲ್ಲಿ ಸಣ್ಣದೊಂದು ಗುಳಿ ಬೀಳುತ್ತಿತ್ತು. ಆ ಗುಳಿಯ ಮುಂದೆ ಶೈಲಾಳ ಪ್ರಶ್ನೆಗಳು ಯಾವತ್ತೂ ನಿಂತದ್ದಿಲ್ಲ. ಇವತ್ತೂ ಅಷ್ಟೇ ಆಯಿತು. ಅವನು ಹೌದು ಎಂದನೋ ಇಲ್ಲ ಎಂದನೋ ಎಂದು ಪಾಪದ ಹುಡುಗಿ ತೂಗಿ ನೋಡಲಿಲ್ಲ.

“ಸೀರಿ ಚಲೋ ಕಾಣಾಕತ್ತೈತಿ,” ಎಂದ ಅವನು, ಕಿಂಡಿಯಿಂದಲೇ ಅವಳನ್ನು ಕಣ್ತುಂಬ ನೋಡಿ.

“ಸೀರಿಯೋ, ಉಟ್ಟಾಕಿಯೋ?”

“ಈಗ ಸೀರಿ ಅಷ್ಟ ಅಂದೀನಿ. ಉಟ್ಟಾಕಿ ಸುದ್ದಿ ಸಂಜಿಕ ಹೇಳ್ತೀನಿ.”

“ಹೋಗು ಹೋಗು, ನಿನ್ನ ವೀಲಿನ ತೊಟ್ಟಲ ಕಾಯಾಕತ್ತೈತಿ,” ಎಂದು ಶೈಲಾ ಕಿಂಡಿಯ ಬಾಗಿಲು ಅರ್ಧ ಎಳೆದಳು. ಅವನು ಹೋದ ಮೇಲೆ ಮತ್ತೆ ಪೂರ್ತಿ ತೆಗೆದು, ಜೈಂಟ್ ವೀಲಿನ ತನಕ ಅವನ ಬೆನ್ನನ್ನೇ ನೋಡುತ್ತ ಕೂತಳು.

ಶೈಲಾ ಬಾಳೆಹೊಸೂರಿನ ಒಕ್ಕಲುತನದ ಮನೆಯವಳು. ಗದಗಿನಲ್ಲಿ ಬಿ.ಕಾಂ. ಮುಗಿಸಿ, ಗೆಳತಿ ರೋಹಿಣಿಯ ಜೊತೆ ಬಾಡಿಗೆ ಖೋಲಿಯಲ್ಲಿ ಇದ್ದುಕೊಂಡು, ಲಕ್ಷ್ಮೇಶ್ವರ ರಸ್ತೆಯ ನವಿಲುಗರಿ ಫ್ಯಾಮಿಲಿ ಪಾರ್ಕಿನಲ್ಲಿ ಕೆಲಸಕ್ಕೆ ಸೇರಿದ್ದಳು. ಪ್ರಭುಲಿಂಗ ಬೆಟಗೇರಿಯ ನೇಕಾರರ ಹುಡುಗ. ಅಪ್ಪ ಬಾಬಣ್ಣ ಇನ್ನೂ ಕೈಮಗ್ಗ ಬಿಟ್ಟಿರಲಿಲ್ಲ. ಮಗ ಮಾತ್ರ ಐಟಿಐ ಮಾಡಿ ಜೈಂಟ್ ವೀಲಿನ ಮೋಟಾರು ಹಿಡಿದಿದ್ದ.

ಇಬ್ಬರ ನಡುವೆ ಮಾತು ಶುರುವಾದದ್ದು ಒಂದು ಮರಳಿನ ಚೀಲದಿಂದ. ಗೇಟು ತೆಗೆಯುವ ಮೊದಲು ದಿನಾ ಜೈಂಟ್ ವೀಲಿನ ತೊಟ್ಟಿಲುಗಳಲ್ಲಿ ಮರಳಿನ ಚೀಲ ಇಟ್ಟು ಒಂದು ಸುತ್ತು ತಿರುಗಿಸಿ ನೋಡಬೇಕು. ಒಂದು ಬೆಳಗ್ಗೆ ಚೀಲವೊಂದು ಹರಿದುಹೋಗಿತ್ತು.

“ಒಂದ್ ಚೀಲ ಕಮ್ಮಿ ಬಿದ್ದೈತ್ರಿ. ನೀವು ಕುಂಡ್ರತೀರೇನು?” ಎಂದು ಅವನು ಕೇಳಿದ್ದ.

“ನಾ ನಿಮ್ಮ ಕಣ್ಣಿಗೆ ಮರಳಿನ ಚೀಲ ಕಂಡೆನ್ರಿ?”

“ತೂಕ ಸರಿ ಅಕ್ಕೈತಿ ಅಂತ ಕೇಳಿದೆ. ಸಿಟ್ಟಾಗಬ್ಯಾಡ್ರಿ.”

ಸಿಟ್ಟಾದಳು. ಕೂತಳು ಕೂಡ. ಮೇಲೆ ಹೋದಾಗ ದೂರದಲ್ಲಿ ಕಪ್ಪತಗುಡ್ಡ ಕಂಡಿತು, ಹತ್ತಿರದಲ್ಲಿ ಎರೆ ಹೊಲಗಳು ಕಂಡವು, ಕೆಳಗೆ ಲಿವರ್ ಹಿಡಿದು ತನ್ನನ್ನೇ ನೋಡುತ್ತ ನಿಂತವನು ಕಂಡ. ಹರಿದ ಚೀಲ ಮರುದಿನವೇ ಹೊಲಿಗೆ ಹಾಕಿಸಿಕೊಂಡು ಬಂದಿತ್ತು. ಆದರೂ ಅಂದಿನಿಂದ ದಿನಾ ಒಂದು ಚೀಲ ಕಡಿಮೆಯೇ ಬೀಳುತ್ತಿತ್ತು.

ಯುಗಾದಿಗೆ ಊರಿಗೆ ಹೋದಾಗ ಶೈಲಾ ಎಲ್ಲವನ್ನೂ ಅಪ್ಪನ ಮುಂದೆ ಹೇಳಿಬಿಟ್ಟಿದ್ದಳು. ಅಪ್ಪ ಸಕ್ರಪ್ಪ ಎಂದಿದ್ದರು, “ಹುಡುಗನ ಮ್ಯಾಲೆ ನಂದೇನೂ ತಕರಾರಿಲ್ಲ ಮಗಳ. ಆದ್ರ ನಾವು ಹೆಣ್ಣಿನ ಕಡಿಯವರು. ನಾವ ಮೊದಲ ಹೋಗಿ ಕೇಳೂದು ಚಂದ ಅಲ್ಲ. ಅವರವ್ವ ನಿನ್ನ ನೋಡಿ ಉಡಿ ತುಂಬಲಿ. ಆ ದಿನ ನಾ ಇಡೀ ಓಣಿಗೆ ಸಕ್ಕರಿ ಹಂಚತೀನಿ.”

ಈ ಸೀಮೆಯಲ್ಲಿ ಹುಡುಗನ ತಾಯಿ ಹುಡುಗಿಯ ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದಳೆಂದರೆ ಮಾತು ಮುಗಿದಂತೆ. ಆಮೇಲೆ ಹಿಂದೆ ಸರಿಯುವುದಿಲ್ಲ, ಸರಿದರೆ ಜನ ಬಿಡುವುದಿಲ್ಲ. ಶೈಲಾ ಅಪ್ಪನ ಮಾತನ್ನು ಹಾಗೇ ಪ್ರಭುಲಿಂಗನಿಗೆ ಮುಟ್ಟಿಸಿದ್ದಳು. “ಆತು, ಅವ್ವಗ ಹೇಳ್ತೀನಿ, ತಡಿ,” ಎಂದಿದ್ದ ಅವನು. ಯುಗಾದಿ ಹೋಗಿ ಶ್ರಾವಣ ಬಂದರೂ ಅವಳು ತಡೆದುಕೊಂಡೇ ಇದ್ದಳು.

ಕೊನೆಗೆ ಇವತ್ತು ಪಾರ್ಕಿನ ವಾರ್ಷಿಕೋತ್ಸವ. ಉಳಿದ ವರ್ಷಗಳಲ್ಲಿ ಈ ದಿನವೆಂದರೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹುಲಕೋಟಿಯಿಂದ, ಶಿರಹಟ್ಟಿಯಿಂದ, ಮುಂಡರಗಿಯಿಂದ ಟಂಟಂಗಳಲ್ಲಿ ಜನ ತುಂಬಿಕೊಂಡು ಬರುತ್ತಿದ್ದರು. ಬ್ಯಾಂಡು, ಡಿಜೆ, ಮಕ್ಕಳಿಗೆ ಬಲೂನು, ಬಂದವರಿಗೆಲ್ಲ ತುಪ್ಪದ ಶಿರಾ. ಪಾರ್ಕಿನ ಮಾಲಕ ಸಾಹುಕಾರರ ಹೆಂಡತಿ ಸಿದ್ದಲಿಂಗವ್ವ ತಾವೇ ಬಂದು, ಪಾರ್ಕಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆಲ್ಲ ತವರಿನವರ ಹಾಗೆ ಉಡಿ ತುಂಬುತ್ತಿದ್ದರು.

ಈ ವರ್ಷ ಯಾರ ದೃಷ್ಟಿ ತಾಗಿತೋ ಏನೋ. ಬೆಳಗಿನಿಂದಲೇ ಮೋಡ ಕವಿದು ಜಿಟಿಜಿಟಿ ಹಿಡಿದಿತ್ತು. ಹಿಂದಿನ ದಿನ ನೀರಿನ ಮೋಟಾರು ಸುಟ್ಟು, ಜಾರುಬಂಡಿಯ ಕೆಳಗಿನ ಕೊಳ ಖಾಲಿ ಬಿದ್ದಿತ್ತು. ಡಿಜೆಯ ಅಝೀಮ ಜನರೇಟರಿನ ಹಗ್ಗ ಎಳೆದೆಳೆದು ಸುಸ್ತಾಗಿ, ತೊಯ್ದ ಸ್ಪೀಕರ್ ಮೇಲೆ ತಾಡಪತ್ರಿ ಹೊದಿಸಿ ಕೂತುಬಿಟ್ಟಿದ್ದ. ಸಿದ್ದಲಿಂಗವ್ವ ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೋಗಿದ್ದರಿಂದ ಈ ಸಲ ಉಡಿ ತುಂಬುವುದೂ ಇಲ್ಲ ಎಂದು ಬೆಳಗ್ಗೆಯೇ ಸುದ್ದಿಯಾಗಿತ್ತು. ಮ್ಯಾನೇಜರ್ ಶಿವಯೋಗಿ ಮಾತ್ರ ಬ್ಯಾಟರಿ ಮೈಕು ಬಿಟ್ಟಿರಲಿಲ್ಲ. “ಅತಿಥಿಗಳು ದಾರ್ಯಾಗ ಅದಾರ, ಇನ್ನೇನ ಬಂದ ಬಿಡ್ತಾರ,” ಎಂದು ಅವನು ಹೇಳಿದ್ದನ್ನೇ ಹೇಳುತ್ತಿದ್ದ. ಅತಿಥಿಗಳು ಬರಲಿಲ್ಲ, ಜನವೂ ಬರಲಿಲ್ಲ. ಬಂದ ನಾಲ್ಕು ಕುಟುಂಬಗಳು ಕೊಳ ನೋಡಿ, ಕೌಂಟರಿಗೆ ಬಂದು ಶೈಲಾಳ ಮೇಲೆ ರೇಗಿ ಹೋದವು.

ಶೈಲಾಗೆ ಒಂದೂ ನಾಟಲಿಲ್ಲ. ಬೈಸಿಕೊಳ್ಳುತ್ತಲೇ ಗೇಟಿನ ಕಡೆ ನೋಡುತ್ತಿದ್ದಳು.

ಮಧ್ಯಾಹ್ನದ ಹೊತ್ತಿಗೆ ಅವರು ಬಂದರು. ಮುಂದೆ ಬಾಬಣ್ಣ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹಿಂದೆ ಪ್ರಭುಲಿಂಗನ ಅವ್ವ ದ್ರಾಕ್ಷಾಯಣಿ, ತಲೆ ತುಂಬ ಸೆರಗು, ಕೈ ತುಂಬ ಹಸಿರು ಬಳೆ. ಪ್ರಭುಲಿಂಗ ಓಡಿಹೋಗಿ ಕೊಡೆ ಹಿಡಿದು ತಾಯಿಯನ್ನು ಕೌಂಟರಿನ ಮುಂದಿನಿಂದಲೇ ಕರೆದುಕೊಂಡು ಹೋದ. ನಿಲ್ಲಿಸಲಿಲ್ಲ. ಹೋಗುತ್ತ ಕೊಡೆಯ ಅಂಚಿನಿಂದ ಶೈಲಾಳನ್ನೊಮ್ಮೆ ನೋಡಿದ, ಅಷ್ಟೇ. ಮಂದಿಯ ಮುಂದೆ ನಾಚಿಕೆ ಅವನಿಗೆ ಎಂದುಕೊಂಡು ಅವಳೂ ಕಣ್ಣು ತಗ್ಗಿಸಿದಳು.

ತುಸು ಹೊತ್ತಿನ ಮೇಲೆ ಐಸ್‌ಕ್ರೀಮ್ ಅಂಗಡಿ ನೋಡಿಕೊಳ್ಳುತ್ತಿದ್ದ ರೋಹಿಣಿ ಓಡುತ್ತ ಬಂದಳು.

“ಏಳ ಶೈಲಾ, ಕೌಂಟರ್ ನಾ ನೋಡ್ತೀನಿ. ಪ್ರಭುನ ಅವ್ವ ಉಡಿ ತುಂಬಾಕ ನಿನ್ನ ಕರ್ಯಾಕತ್ತಾಳ. ಜಲ್ದಿ ಹೋಗು.”

ಶೈಲಾ ಎದ್ದಳು. ಸೆರಗು ಸರಿಮಾಡಿಕೊಳ್ಳಲು ಹೋದರೆ ಪಿನ್ನು ಕಳಚಿ ಬಿತ್ತು. ರೋಹಿಣಿಯೇ ಪಿನ್ನು ಹಾಕಿ, ಹಣೆಯ ಮೇಲಿನ ಕೂದಲು ಹಿಂದಕ್ಕೆ ಸರಿಸಿ ಕಳಿಸಿದಳು.

ಸ್ಟೇಜಿನ ಮುಂದೆ ಹಾಸಿದ ಚಾಪೆಯ ಮೇಲೆ ದ್ರಾಕ್ಷಾಯಣಿ ಒಬ್ಬರೇ ಕೂತಿದ್ದರು. ಮಡಿಲ ಬಳಿ ಹಿತ್ತಾಳೆಯ ಪರಾತ, ಅದರಲ್ಲಿ ಅಕ್ಕಿ, ಒಂದು ತೆಂಗಿನಕಾಯಿ, ಬಾಳೆಹಣ್ಣು, ಎಲೆ ಅಡಿಕೆ, ಮಡಿಸಿಟ್ಟ ಹಸಿರು ಖಣ. ಪ್ರಭುಲಿಂಗ ಹಿಂದೆ ನಿಂತು ತಾಯಿಯ ತಲೆಗೆ ಕೊಡೆ ಹಿಡಿದಿದ್ದ.

“ಬಾರವ್ವಾ, ಕುಂಡ್ರು,” ಎಂದರು ದ್ರಾಕ್ಷಾಯಣಿ. ಅವಳ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, “ಇದು ನಮ್ಮ ಬೆಟಗೇರಿ ನೇಯ್ಗಿ. ಚಲೋದ ಆರಿಸಿದಿ,” ಎಂದು ನಕ್ಕರು.

ನಕ್ಕಾಗ ಆಕೆಯ ಎಡಗೆನ್ನೆಯಲ್ಲೂ ಗುಳಿ ಬಿತ್ತು. ಶೈಲಾಗೆ ಕಣ್ಣು ತುಂಬಿ ಬಂತು.

ಅರಿಸಿನ ಕುಂಕುಮ ಹಚ್ಚಿ, ಅಕ್ಕಿಯನ್ನು ಬೊಗಸೆಯಲ್ಲಿ ತುಂಬಿ ತುಂಬಿ ಆಕೆ ಸೆರಗಿಗೆ ಹಾಕಿದರು. ಪ್ರತಿ ಬೊಗಸೆಯನ್ನೂ ಅವಳು ಮನಸ್ಸಿನಲ್ಲೇ ಎಣಿಸಿದಳು. ಖಣ ಬಿದ್ದಾಗ ತಲೆಯೆತ್ತಿ ಪ್ರಭುಲಿಂಗನನ್ನು ನೋಡಿದಳು. ಅವನೂ ನೋಡುತ್ತಿದ್ದ. ಆತು ನೋಡು ಎನ್ನುವ ಹಾಗೆ ರೆಪ್ಪೆಯನ್ನೊಮ್ಮೆ ಮುಚ್ಚಿ ತೆರೆದ. ಈ ಒಂದು ನೋಟಕ್ಕಾಗಿ ಎಷ್ಟು ದಿನ ಬೇಕಾದರೂ ಕಾಯಬಹುದಿತ್ತು ಎಂದು ಅವಳಿಗೆ ಅನಿಸಿತು.

“ಮನಿಗೆ ಒಯ್ದು ಪಾಯಸ ಮಾಡ್ಕೊಂಡು ಉಣ್ಣವ್ವಾ. ಲಗೂನ ಮುತ್ತೈದಿ ಆಗು,” ಎಂದು ದ್ರಾಕ್ಷಾಯಣಿ ಹರಸಿದರು.

ಶೈಲಾ ಉಡಿ ಗಟ್ಟಿಯಾಗಿ ಹಿಡಿದುಕೊಂಡು ಜೈಂಟ್ ವೀಲಿನ ಹಿಂದೆ ಹೋಗಿ ಅಪ್ಪನಿಗೆ ಫೋನು ಹಚ್ಚಿದಳು.

“ಅಪ್ಪಾ, ಉಡಿ ತುಂಬಿದ್ರು.”

ಆ ಕಡೆ ಸಕ್ರಪ್ಪ ಫೋನು ಕೈಯಲ್ಲೇ ಹಿಡಿದು ಒಳಗೆ ಓಡಿರಬೇಕು. ಆಮೇಲೆ ದೂರದಿಂದ, “ಏ ಫಕ್ಕೀರವ್ವಾ, ಕೇಳಿದೇನ, ಮಗಳಿಗೆ ಉಡಿ ತುಂಬಿದ್ರಂತ, ಸಕ್ಕರಿ ಡಬ್ಬಿ ತಗಿ,” ಎಂದು ಅವರು ಹೆಂಡತಿಯನ್ನು ಕೂಗುವುದು ಕೇಳಿಸಿತು. ಶೈಲಾ ನಗುತ್ತ ಅತ್ತಳು, ಅಳುತ್ತ ನಕ್ಕಳು.

ಆ ಸುಖ ಅವಳ ಪಾಲಿಗೆ ಇದ್ದದ್ದು ಬಹಳ ಸ್ವಲ್ಪ ಹೊತ್ತು.

ಕಣ್ಣೊರೆಸಿಕೊಂಡು, ಉಡಿಯ ಗಂಟನ್ನು ಸೊಂಟಕ್ಕೆ ಸಿಗಿಸಿ, ತಟ್ಟೆಯಲ್ಲಿ ಶಿರಾ ಹಾಕಿಸಿಕೊಂಡು ದ್ರಾಕ್ಷಾಯಣಿಯ ಹತ್ತಿರ ಹೋದಳು. ಶಿರಾ ಕೂಡ ಈ ವರ್ಷ ತುಪ್ಪ ಕಾಣದೆ ಮುದ್ದೆಯಾಗಿತ್ತು. ಬಾಬಣ್ಣ ಆಚೆ ನಿಂತು ಖಾಲಿ ಕೊಳ ನೋಡುತ್ತಿದ್ದರು. ಪ್ರಭುಲಿಂಗ ವೀಲಿನ ಹತ್ತಿರ ಇದ್ದ. ಶೈಲಾ ತಟ್ಟೆ ಇಟ್ಟು, ಬಗ್ಗಿ ಆಕೆಯ ಪಾದ ಮುಟ್ಟಿದಳು. ಸೊಸೆಯಾಗುವವಳು ಮುಟ್ಟುವ ಹಾಗೆ, ಎರಡೂ ಕೈಯಿಂದ, ತಲೆ ತಾಗಿಸಿ.

“ಇರಲಿ ಇರಲಿ, ಏಳವ್ವಾ,” ಎಂದು ದ್ರಾಕ್ಷಾಯಣಿ ಅವಳ ತೋಳು ಹಿಡಿದೆತ್ತಿದರು. “ಭಾಳ ಸಂಸ್ಕಾರದ ಹುಡುಗಿ. ಯಾರ ಮನಿ ಮಗಳವ್ವಾ ನೀ? ಯಾವ ಊರು?”

ಶೈಲಾ ಆಕೆಯ ಮುಖ ನೋಡಿದಳು. ತಮಾಷೆಯ ಸುಳಿವಿರಲಿಲ್ಲ.

“ಪ್ರಭು... ಹೇಳಿಲ್ಲೇನ್ರಿ?”

“ನಮ್ಮ ಪ್ರಭು? ಅವ ಏನ್ ಹೇಳಬೇಕಿತ್ತವ್ವಾ?”

ಶೈಲಾಳ ಕಣ್ಣು ಸೊಂಟದ ಉಡಿಯ ಮೇಲೆ ಇಳಿಯಿತು. ಹುಡುಗಿಗೆ ಸಂಕೋಚವಾಯಿತೆಂದು ತಿಳಿದು ದ್ರಾಕ್ಷಾಯಣಿಯೇ ಮಾತು ಮುಂದುವರಿಸಿದರು.

“ನಾವು ಸುಮ್ನ ಕಾರ್ಯಕ್ರಮ ನೋಡಾಕ ಬಂದಿದ್ದೆವು. ಸಾಹುಕಾರ್ತಿ ಡ್ರೈವರ್ ಕೈಯಾಗ ಉಡಿ ಸಾಮಾನು ಕಳಿಸ್ಯಾರಂತ, ತುಂಬಾಕ ಮುತ್ತೈದಿ ಬೇಕಂತ. ಮ್ಯಾನೇಜರ್ ಬಂದು ಕೇಳಿದ್ರು. ಹೆಣ್ಣಮಕ್ಕಳಿಗೆ ಉಡಿ ತುಂಬೂದು ಪುಣ್ಯದ ಕೆಲಸ, ಇಲ್ಲ ಅನಬಾರದು ಅಂತ ಎಲ್ಲಾರಿಗೂ ತುಂಬಿದೆ. ನೀ ಕಡೀಕ ಬಂದಿ. ಕೈ ಅಷ್ಟ ನಂದವ್ವಾ, ಅಕ್ಕಿ ಪಾರ್ಕಿನವರದು.”

ಅವಸರದಲ್ಲಿ ರೋಹಿಣಿ ಅರ್ಧ ಮಾತಷ್ಟೇ ಹೇಳಿದ್ದಳೆಂದು ಶೈಲಾಗೆ ಈಗ ಹೊಳೆಯಿತು.

“ಮುಂದಿನ ವರ್ಷ ಸೊಸಿನ್ನೂ ಕರ್ಕೊಂಡ ಬರ್ತೀನಿ,” ಎಂದರು ಆಕೆ, ಶಿರಾ ಬಾಯಿಗಿಡುತ್ತ. “ನನ್ನ ತಮ್ಮನ ಮಗಳು, ಅಂಕಿತಾ ಅಂತ. ದಸರಾ ಆದ ಮ್ಯಾಲೆ ಮಾಡೂದು ಅಂತ ಮಾತಾಗೈತಿ.”

“ಪ್ರಭುಲಿಂಗ ಅವರು... ಒಪ್ಯಾರನ್ರಿ?”

“ಇಲ್ಲ ಅಂದಿಲ್ಲ. ಸಣ್ಣಾವ ಇದ್ದಾಗಿಂದ ಯಾವದಕ್ಕೂ ಇಲ್ಲ ಅಂದಾವಲ್ಲ ನನ್ನ ಮಗ,” ಎಂದರು ದ್ರಾಕ್ಷಾಯಣಿ. ಆ ಮಾತಿನಲ್ಲಿ ಎಷ್ಟು ಹೆಮ್ಮೆಯಿತ್ತೆಂದರೆ, ಶೈಲಾಗೆ ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳಲೂ ಆಗಲಿಲ್ಲ.

ಮರುದಿನ ಹೇಗೂ ಪಾರ್ಕಿಗೆ ರಜೆ. ಅಪ್ಪ ಫೋನಿನಲ್ಲೇ ಊರಿಗೆ ಬಾ ಎಂದಿದ್ದರು. ಅಂದೇ, ಆಗಲೇ ಶೈಲಾ ಯಾರಿಗೂ ಹೇಳದೆ, ಉಡಿಯನ್ನು ಕೈಚೀಲಕ್ಕೆ ಸುರಿದುಕೊಂಡು ಗೇಟಿನಾಚೆ ಬಂದು ಲಕ್ಷ್ಮೇಶ್ವರದ ಬಸ್ಸಿಗೆ ಕೈ ಮಾಡಿದಳು. ಬಸ್ಸು ಇನ್ನೇನು ಹೊರಡಬೇಕು, ಅಷ್ಟರಲ್ಲಿ ಬಾಗಿಲ ಸರಳು ಹಿಡಿದು ಯಾರೋ ಹಾರಿ ಹತ್ತಿದರು. ನೋಡದೆಯೂ ಅವಳಿಗೆ ಯಾರೆಂದು ತಿಳಿಯಿತು.

ಪ್ರಭುಲಿಂಗ ಅವಳ ಪಕ್ಕದಲ್ಲಿ ಕೂತ. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

“ಅವ್ವ ಹೇಳಿದ್ಲು, ನೀ ಮಾತಾಡಿಸಿದ್ದು,” ಎಂದ.

ಶೈಲಾ ಕಿಟಕಿಯ ಕಡೆ ತಿರುಗಿದಳು. ತೊಯ್ದ ಶೇಂಗಾ ಹೊಲಗಳು ಹಿಂದೆ ಸರಿಯುತ್ತಿದ್ದವು.

“ಯುಗಾದಿಯಿಂದ ಹೇಳ್ತೀನಿ ಹೇಳ್ತೀನಿ ಅಂದಿ.”

“ಹೇಳಬೇಕು ಅಂತ ಬಾಯಿ ತನಕ ಬರತಿತ್ತು ಶೈಲಾ. ಅಷ್ಟರಾಗ ಅವ್ವ ಮಾಮಾನ ಮನಿ ಸುದ್ದಿ ತಗದ್ಲು. ಇವತ್ತ ಅಕಿ ನಿನ್ನ ನೋಡ್ತಾಳ, ಮನಸಿಗೆ ಬರ್ತಿ, ಆಮ್ಯಾಲೆ ಹೇಳೂದು ಸಸಾರ ಅಕ್ಕೈತಿ ಅಂತ ಕರ್ಕೊಂಡ ಬಂದೆ.”

“ಉಡಿ ತುಂಬೂಮುಂದ ನನ್ನ ನೋಡಿ ಕಣ್ಣಸನ್ನಿ ಮಾಡಿದಿಯಲ್ಲ. ಅದು?”

ಅವನು ತಲೆ ತಗ್ಗಿಸಿದ. “ದೇವರ ಮಾಡಿಸಿದಂಗ ಆತು ಅನ್ಕೊಂಡೆ. ಹೆಂಗರ ಆಗಲಿ, ಅವ್ವನ ಕೈಲೆ ಉಡಿ ಬಿತ್ತಲ್ಲ, ಮುಂದ ಅದ ದಾರಿ ಮಾಡತೈತಿ ಅಂತ.”

“ಅಕ್ಕಿಗೆ ಬಾಯಿ ಐತನು ಪ್ರಭು? ಬಾಯಿ ಇದ್ದಾವ ನೀನು.”

ಬಸ್ಸು ಮುಳಗುಂದ ದಾಟಿತು. ತಿರುವಿನಲ್ಲಿ ಅವನ ಭುಜ ತಾಗಿದಾಗ ಶೈಲಾ ಸರಿದು ಕೂರಲಿಲ್ಲ. ಸಿಟ್ಟಿನ ಅಡಿಯಲ್ಲಿ ಅವಳೊಳಗೆ ಇನ್ನೊಂದು ಆಸೆ ಮೆಲ್ಲಗೆ ತಲೆಯೆತ್ತುತ್ತಿತ್ತು. ಅವ್ವನನ್ನು ಪಾರ್ಕಿನಲ್ಲೇ ಬಿಟ್ಟು ಬಂದಿದ್ದಾನೆ. ತೊಯ್ದುಕೊಂಡು ಓಡಿ ಬಂದಿದ್ದಾನೆ.

“ಎಲ್ಲಿ ತನಕ ಬರ್ತಿ?” ಎಂದು ಕೇಳಿದಳು.

“ಬಾಳೆಹೊಸೂರ ತನಕ. ನಿಮ್ಮಪ್ಪಗ ಭೆಟ್ಟಿ ಆಗ್ತೀನಿ.”

ಅವಳು ಮೊದಲ ಸಲ ಅವನ ಕಡೆ ತಿರುಗಿದಳು. “ಭೆಟ್ಟಿಯಾಗಿ?”

“ಕಾಲ ಹಿಡ್ಕೋತೀನಿ. ತಪ್ಪ ತಿಳುವಳಿಕಿ ಆಗೈತ್ರಿ, ಶೈಲಾಂದೇನೂ ತಪ್ಪಿಲ್ಲ, ಎಲ್ಲಾ ನಂದ ಅಂತ ಹೇಳ್ತೀನಿ. ಮಂದ್ಯಾಗ ನಿನಗ ಕೆಟ್ಟ ಹೆಸರು ಬರಬಾರದು.”

ಶೈಲಾ ಅವನ ಮುಖವನ್ನೇ ನೋಡಿದಳು. ಅವನು ಹೇಳುತ್ತಿದ್ದುದು ಮನಸ್ಸಿನಿಂದಲೇ. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಕ್ಷಮೆ ಕೇಳಲು ಬರುತ್ತಿದ್ದ, ಅವಳನ್ನು ಕೇಳಲು ಬರುತ್ತಿರಲಿಲ್ಲ.

“ಅಂಕಿತಾ?” ಎಂದಳು.

“ಸ್ವಲ್ಪ ದಿನ ತಡಿ ಶೈಲಾ. ಅವ್ವ ತವರಮನಿಗೆ ಮಾತ ಕೊಟ್ಟಾಳ. ನೋಡೂಣು, ಏನರ ದಾರಿ...”

ಲಕ್ಷ್ಮೇಶ್ವರದ ಸ್ಟ್ಯಾಂಡು ಬಂತು. ಬಾಳೆಹೊಸೂರಿಗೆ ಹೋಗುವ ಬಸ್ಸು ಪಕ್ಕದಲ್ಲೇ ಮೋಟಾರು ಹಚ್ಚಿಕೊಂಡು ನಿಂತಿತ್ತು. ಅವನು ಅವಳ ಕೈಚೀಲ ಎತ್ತಿಕೊಳ್ಳಲು ಬಗ್ಗಿದ. ಶೈಲಾ ಅವನ ಕೈ ಮೇಲೆ ಕೈ ಇಟ್ಟು ತಡೆದಳು. ತಣ್ಣಗಿತ್ತು ಅವನ ಕೈ. ಒಂದು ಗಳಿಗೆ ಹಾಗೇ ಹಿಡಿದುಕೊಂಡಳು.

“ನೀ ಬರಬ್ಯಾಡ. ನಮ್ಮಪ್ಪಗ ನಾನ ಹೇಳ್ತೀನಿ.”

“ಒಬ್ಬಾಕಿನ ಹೆಂಗ ಹೇಳ್ತಿ?”

“ಮನಸಿನಾಗಿದ್ದದ್ದು ಅಪ್ಪನ ಮುಂದ ಹೇಳೂದು ನನಗ ಯುಗಾದಿಗೇ ಬಂದಿತ್ತು.”

ಅವನ ಕಣ್ಣು ತುಂಬಿತು. ಬಸ್ಸಿಳಿಯುವ ಮಂದಿ ನೂಕುತ್ತಿದ್ದರು. ಆ ನೂಕಾಟದಲ್ಲೇ, ಇಷ್ಟು ದಿನ ಒಮ್ಮೆಯೂ ಬಾಯಿಬಿಟ್ಟು ಹೇಳದ ಮಾತನ್ನು ಅವನು ಹೇಳಿದ. “ನೀನಂದ್ರ ನನಗ ಭಾಳ ಜೀವ, ಶೈಲಾ.”

“ಗೊತ್ತೈತಿ,” ಎಂದಳು ಅವಳು. “ನನಗೂ ಅಷ್ಟ ಜೀವ. ಇದನ್ನ ನಿಮ್ಮವ್ವನ ಮುಂದ ಅಂದಿದ್ರ ಸಾಕಿತ್ತು.”

ಬಾಳೆಹೊಸೂರಿನ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಅವನು ಕೆಳಗೆ, ಜಿಟಿಜಿಟಿ ಮಳೆಯಲ್ಲೇ ನಿಂತಿದ್ದ. ಬಾ ಎಂದು ಒಂದು ಸನ್ನೆ ಮಾಡಿದರೆ ಸಾಕು, ಹತ್ತಿ ಬರುತ್ತಿದ್ದ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾಳೆ ಅವ್ವ ಕರೆದರೆ ಹಾಗೆಯೇ ಇಳಿದು ಹೋಗುತ್ತಿದ್ದ, ಅದೂ ಗೊತ್ತಿತ್ತು. ಅದಕ್ಕೇ ಅವಳು ಕೈ ಎತ್ತಲಿಲ್ಲ.

ಫೋನು ರಿಂಗಾಯಿತು.

“ಎಲ್ಲಿ ಬಂದಿ ಮಗಳ?” ಸಕ್ರಪ್ಪನ ದನಿಯಲ್ಲಿ ಸಡಗರ. ಹಿಂದೆ ಮನೆ ತುಂಬ ಹೆಂಗಸರ ಮಾತು, ನಗು. “ನಿಮ್ಮವ್ವ ಹೋಳಿಗಿಗೆ ಇಟ್ಟಾಳ. ಓಣ್ಯಾಗಿನವರೆಲ್ಲಾ ಬಂದಾರ. ಅಳಿಯನ್ನೂ ಕರ್ಕೊಂಡ ಬರಾಕತ್ತಿಯೇನು?”

ಬಸ್ಸು ಅಲುಗಿತು. ಕೆಳಗೆ ನಿಂತವನು ಬಸ್ಸಿನ ಜೊತೆ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟ.

“ಇಲ್ಲಪ್ಪ. ಅವ್ರು ಬರಂಗಿಲ್ಲ,” ಎಂದಳು ಶೈಲಾ. ದನಿ ನಡುಗದಂತೆ ನೋಡಿಕೊಂಡಳು. “ಆ ಉಡಿ ಅವರ ಮನ್ಯಾಗಿಂದಲ್ಲ ಅಪ್ಪಾ. ಪಾರ್ಕಿನವರು ಎಲ್ಲಾ ಹುಡುಗ್ಯಾರಿಗೂ ತುಂಬಿಸಿದ್ದು. ನಾ ತಪ್ಪ ತಿಳಕೊಂಡೆ. ನೀ ಸಕ್ಕರಿ ಹಂಚಿಬಿಟ್ಟೆ.”

ಅಪ್ಪ ಎದ್ದು ಹೊರಗೆ ಬಂದಿರಬೇಕು, ಹೆಂಗಸರ ನಗು ಸಣ್ಣದಾಗಿ ಸಣ್ಣದಾಗಿ ನಿಂತಿತು.

“ಅಪ್ಪಾ?”

“ಸಕ್ಕರಿ ಸುದ್ದಿ ಬಿಡು,” ಎಂದರು ಸಕ್ರಪ್ಪ. “ಮನ್ಯಾಗ ಮಂದಿ ಅದಾರ, ನೀ ಸೀದಾ ಒಳಗ ಬರಬ್ಯಾಡ. ನಾ ಸ್ಟ್ಯಾಂಡಿಗೆ ಬಂದು ನಿಂತಿರ್ತೀನಿ. ಇಬ್ರೂ ಹೊಲದ ಕಡೆ ಸ್ವಲ್ಪ ಅಡ್ಡಾಡಿ, ನಿನ್ನ ಅಳು ಮುಗದ ಮ್ಯಾಲೆ ಮನಿಗೆ ಹೋಗೂಣು.”

ನಿಜ ತಿಳಿದಾಗಿನಿಂದ ಅಲ್ಲಿಯ ತನಕ ಶೈಲಾ ಅತ್ತಿರಲಿಲ್ಲ.